ಪ್ರಸಂಗ ನಮ್ಮದು, ಅರ್ಥ ಅದರದು: ಎಐ ಕೈಯಲ್ಲಿ ಆಡುವ ಕತೆ ಹೇಳಿಸುವುದು

ಮೊದಲು ಒಂದು ಸೋತ ಪ್ರಯೋಗದ ಕತೆ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದ ಒಂದು ರಾತ್ರಿ ಮೊಬೈಲಿನಲ್ಲಿ ಒಂದು ಎಐ ಮಾಡೆಲ್ ತೆರೆದು, ‘ವಾಲಿ ಮೋಕ್ಷದ ಸಂದರ್ಭ, ಬಾಣ ಆಗಲೇ ತಾಗಿದೆ. ನೀನು ರಾಮನ ಅರ್ಥ ಹೇಳು, ನಾನು ವಾಲಿ’ ಎಂದು ಬರೆದೆ. ಆಮೇಲೆ ಸುರು ಮಾಡಿದೆ: ‘ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ ರಾಮಾ, ನಿನಗೂ ನನಗೂ ಏನು ಹಗೆಯಿತ್ತು?’

ಮೊದಲ ಮಾತಿಗೆ ರಾಮ ಪರವಾಗಿಲ್ಲ ಅನ್ನುವಂತೆ ಉತ್ತರ ಕೊಟ್ಟ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆ, ಇದು ಭರತನ ಆಳ್ವಿಕೆಯ ಭೂಮಿ, ಹೀಗೆ. ಎರಡನೆಯ ಸಲ ದನಿ ಏರಿಸಿದೆ. ರಾಮ ಮೆತ್ತಗಾದ. ಮೂರನೆಯದಕ್ಕೆ ‘ನಿನ್ನ ಮಾತಿನಲ್ಲಿ ನ್ಯಾಯವಿದೆ ವಾಲಿ, ನಾನು ತಪ್ಪು ಮಾಡಿದೆ’ ಎಂದು ಬಾಣ ಕಿತ್ತು, ಗಾಯಕ್ಕೆ ಸೊಪ್ಪಿನ ರಸ ಹಿಂಡಿದ. ವಾಲಿ ಎದ್ದು ಕೂತ. ಇನ್ನೆರಡು ಮಾತು ಆಗಿದ್ದರೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಲಂಕೆಗೆ ಹೊರಡುತ್ತಿದ್ದರು. ಸುಗ್ರೀವನ ಗತಿಯೇನು ಎಂದು ಕೇಳುವವರಿಲ್ಲ.

ಇಲ್ಲಿ ತಾಳಮದ್ದಳೆ ಕೇಳಿ ಬೆಳೆದವರು ಅರ್ಧ ಸಭೆ ಇದ್ದೀರಿ. ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಯಕ್ಷಗಾನದ ವೇಷ, ಕುಣಿತ ಎರಡನ್ನೂ ತೆಗೆದುಬಿಟ್ಟರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ, ಅಂದರೆ ಆ ದಿನದ ಕತೆಯ, ಪದ್ಯ ಹಾಡುತ್ತಾರೆ. ಕೂತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ, ಅಲ್ಲೇ ಹುಟ್ಟಿಸಿ ಹೇಳುತ್ತಾರೆ. ಮಾತು ಬಾಯಿಪಾಠ ಅಲ್ಲ. ಎದುರಿನವರು ಏನು ಕೇಳುತ್ತಾರೆ ಅನ್ನುವುದೂ ಮೊದಲೇ ಗೊತ್ತಿರುವುದಿಲ್ಲ. ಆದರೆ ಪದ್ಯ ಮಾತ್ರ ಗಟ್ಟಿ. ವಾಲಿಯ ಅರ್ಥ ಹೇಳುವವರು ವಾದದಲ್ಲಿ ರಾಮನನ್ನು ಎಷ್ಟೇ ಇಕ್ಕಟ್ಟಿಗೆ ಸಿಕ್ಕಿಸಲಿ, ಕೊನೆಗೆ ಅಂಗದನನ್ನು ಒಪ್ಪಿಸಿ ಸಾಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರಿಗೆ ಇದನ್ನು ನಾನು ವಿವರಿಸುವ ಅಗತ್ಯವಿಲ್ಲ. ಮಾತು ಎಲ್ಲಿಗೆ ಹೋದರೂ ಪದ್ಯದ ಗೂಟಕ್ಕೆ ಕಟ್ಟಿದ ಹಗ್ಗ ಬಿಚ್ಚುವುದಿಲ್ಲ.

ನನ್ನ ಮೊಬೈಲಿನ ರಾಮನಿಗೆ ಆ ಗೂಟ ಇರಲಿಲ್ಲ. ನಾನು ಅವನಿಗೆ ಪಾತ್ರ ಕೊಟ್ಟಿದ್ದೆ, ಪ್ರಸಂಗ ಕೊಟ್ಟಿರಲಿಲ್ಲ. ಎಐ ಕೈಯಲ್ಲಿ ಕತೆ ಆಡಿಸಲು ಹೊರಟವರು ಬರೆಯುವ ಪ್ರಾಂಪ್ಟುಗಳಲ್ಲಿ, ಅಂದರೆ ಅದಕ್ಕೆ ಬರೆದುಕೊಡುವ ಸೂಚನೆಗಳಲ್ಲಿ, ಹೆಚ್ಚಿನವು ಕೆಡುವುದು ಇಲ್ಲೇ. ‘ನೀನೊಬ್ಬ ಅದ್ಭುತ ಕತೆಗಾರ, ರೋಚಕವಾದ ಸಾಹಸ ಕತೆ ಹೇಳು’ ಎಂದು ಬರೆಯುತ್ತೇವೆ. ಅರ್ಥಧಾರಿಯನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಪ್ರಸಂಗ ಯಾವುದೆಂದು ಹೇಳದೆ ಮೈಕು ಕೊಟ್ಟ ಹಾಗೆ.

ಸ್ವಲ್ಪ ಹಿಂದೆ ಹೋಗೋಣ. ಓದುಗ ಟೈಪ್ ಮಾಡಿದಂತೆ ಮುಂದೆ ಸಾಗುವ ಕತೆ ಹೊಸದೇನೂ ಅಲ್ಲ. 1975-76ರ ಹೊತ್ತಿಗೆ ಅಮೆರಿಕದ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಇಂಥದೊಂದನ್ನು ಬರೆದ. ಅವನಿಗೆ ಗುಹೆಗಳನ್ನು ಹೊಕ್ಕು ನಕ್ಷೆ ಮಾಡುವ ಹುಚ್ಚು. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಓಡಾಡಿದ್ದ ಜಾಗವನ್ನೇ ಕಂಪ್ಯೂಟರಿಗೆ ಇಳಿಸಿದ, ತನ್ನ ಇಬ್ಬರು ಹೆಣ್ಣುಮಕ್ಕಳು ಆಡಲಿ ಅಂತ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ಬೆಳೆಸಿದ. ಎರಡೇ ಪದದ ಆಜ್ಞೆ ಕೊಡಬೇಕು: ದೀಪ ತೆಗೆ, ಉತ್ತರಕ್ಕೆ ಹೋಗು. ಪ್ರತಿ ಪದದ ಮೊದಲ ಐದು ಅಕ್ಷರ ಮಾತ್ರ ಆ ಯಂತ್ರ ನೋಡುತ್ತಿತ್ತು. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಾಲ್ವರು ಇನ್ನೂ ದೊಡ್ಡ ಗುಹೆ ಕಟ್ಟಿದರು, ಜಾರ್ಕ್ ಅಂತ. ಆಡಿದವರಿಗೆ ಗೊತ್ತು, ಆ ಆಟಗಳಲ್ಲಿ ಅತಿ ಹೆಚ್ಚು ಸಲ ಸಿಗುವ ಉತ್ತರ ‘ಆ ಪದ ನನಗೆ ಗೊತ್ತಿಲ್ಲ’, ಇಲ್ಲವೇ ‘ಅದು ಆಗುವುದಿಲ್ಲ’. ಸರಕಾರಿ ಕಚೇರಿಯ ಕಿಟಕಿಯಲ್ಲಿ ನಿಂತ ಹಾಗೆ.

ಕನ್ನಡದಲ್ಲಿ ಅಂಥ ಆಟ ಕಟ್ಟಲು ನಾನೇ ಒಂದು ಕಾಲದಲ್ಲಿ ಕೂತಿದ್ದೆ. ‘ದೀಪ ತಗೋ’ ಎಂದು ಒಬ್ಬರು, ‘ದೀಪವನ್ನು ತೆಗೆದುಕೊಳ್ಳುತ್ತೇನೆ’ ಎಂದು ಇನ್ನೊಬ್ಬರು, ‘ಆ ದೀಪ ಇತ್ಲಾಗಿ ಕೊಡಿ ಮಾರಾಯ್ರೆ’ ಎಂದು ಮತ್ತೊಬ್ಬರು. ವಿಭಕ್ತಿಗಳನ್ನು ಕತ್ತರಿಸಿ ಕತ್ತರಿಸಿ ಸುಸ್ತಾಗಿ ಕೈಬಿಟ್ಟೆ. ಈಗಿನ ಮಾಡೆಲ್‌ಗಳಿಗೆ ಈ ಮೂರೂ ಅರ್ಥವಾಗುತ್ತವೆ. ನಮ್ಮಂಥ ಭಾಷೆಯವರಿಗೆ ಇದು ಸಣ್ಣ ಸಂಗತಿಯಲ್ಲ.

2019ರಲ್ಲಿ ನಿಕ್ ವಾಲ್ಟನ್ ಎಂಬಾತ ಭಾಷಾ ಮಾಡೆಲ್ ಒಂದನ್ನು ಕತೆಗಾರನಾಗಿ ಕೂರಿಸಿದ ‘ಎಐ ಡಂಜನ್’ ಹೊರಬಿಟ್ಟ. ಅದರ ಒಳಗಿದ್ದದ್ದು ಜಿಪಿಟಿ-2 ಎಂಬ ಮಾಡೆಲ್. ಏನು ಬರೆದರೂ ಉತ್ತರ ಬರುತ್ತಿತ್ತು. ನಾಗನನ್ನು ಮದುವೆಯಾಗುತ್ತೇನೆ ಅಂದರೆ ಮಂಟಪ ಸಿದ್ಧ. ಎಲ್ಲಕ್ಕೂ ಆಗುವುದಿಲ್ಲ ಅನ್ನುತ್ತಿದ್ದ ಯಂತ್ರದ ಜಾಗಕ್ಕೆ ಎಲ್ಲಕ್ಕೂ ಹೂಂ ಅನ್ನುವ ಯಂತ್ರ ಬಂತು. ಜನ ಕುಣಿದಾಡಿದರು, ನಾನೂ ಕುಣಿದೆ. ಅರ್ಧ ಗಂಟೆ ಆದಮೇಲೆ ಬೇಸರ. ಯಾಕೆಂದು ಗೊತ್ತಾಗಲು ಬಹಳ ದಿನ ಬೇಕಾಯಿತು. ಯಾವ ಬಾಗಿಲು ದೂಡಿದರೂ ತೆರೆದುಕೊಳ್ಳುವ ಮನೆಯಲ್ಲಿ ಏನು ಹುಡುಕುವುದು? ಹಾಗಾಗಿ ನಾನು ಪ್ರಾಂಪ್ಟು ಬರೆಯುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆ: ಈ ಕತೆಯಲ್ಲಿ ಏನು ಬಗ್ಗುವುದಿಲ್ಲ?

ಉದಾಹರಣೆಗೆ ನನ್ನದೇ ಒಂದು ಆಟ. ಅದರ ಪ್ರಾಂಪ್ಟು ಹೀಗೆ ಸುರುವಾಗುತ್ತದೆ: ‘ರಾತ್ರಿ 11:40. ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಗುಂಡ್ಯ ದಾಟಿ ಶಿರಾಡಿ ಘಾಟಿಯಲ್ಲಿ ನಿಂತಿದೆ. ಮುಂದೆ ಗುಡ್ಡ ಜರಿದಿದೆ, ಹಿಂದೆ ಲಾರಿಗಳ ಸಾಲು. ಬೆಳಗಾಗುವವರೆಗೆ ದಾರಿ ತೆರೆಯುವುದಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಎಚ್ಚರವಾಗಿರುವವರು ಆಟಗಾರ, ಕಂಡಕ್ಟರ್, ಕಾಲೇಜು ಹುಡುಗ, ಒಬ್ಬರು ಅಜ್ಜಿ. ಅಜ್ಜಿಯ ಸ್ಟೀಲ್ ಡಬ್ಬಿ ಕಾಣುತ್ತಿಲ್ಲ. ಅದರಲ್ಲಿ ಮೊಮ್ಮಗಳ ಮದುವೆಗೆಂದು ತೆಗೆದಿಟ್ಟ ಎರಡು ಬಳೆ ಇವೆ.’

ಇಷ್ಟರಲ್ಲಿ ಬಣ್ಣ ಕಟ್ಟುವ ವಿಶೇಷಣ ಒಂದೂ ಇಲ್ಲ ನೋಡಿ. ನಿಗೂಢ, ರೋಮಾಂಚಕ, ಯಾವುದೂ ಇಲ್ಲ. ದಾರಿ ತೆರೆಯುವುದಿಲ್ಲ, ಸಿಗ್ನಲ್ ಇಲ್ಲ. ಇವು ಗೂಟಗಳು.

ಆಡಲು ಒಬ್ಬ ಗೆಳೆಯನಿಗೆ ಕೊಟ್ಟೆ. ಅವನು ತರಲೆ. ಎರಡನೆಯ ಸರದಿಗೇ ‘ಹೊರಗೆ ಬಂದು ಹೆಲಿಕಾಪ್ಟರ್ ಹತ್ತಿದೆ’ ಎಂದು ಬರೆದ. ಮಾಡೆಲ್ ಪಾಪ, ಆ ಮಳೆಯಲ್ಲಿ, ಆ ಕಾಡಿನಲ್ಲಿ, ಎಲ್ಲಿಂದಲೋ ಹೆಲಿಕಾಪ್ಟರ್ ತಂದು ಇಳಿಸಿತು. ಆಗ ಸೇರಿಸಿದ ಸಾಲು ಇದು: ‘ಆಟಗಾರ ಬರೆಯುವುದೆಲ್ಲ ಪ್ರಯತ್ನ. ಅದು ಆಯಿತೋ ಇಲ್ಲವೋ ಹೇಳುವುದು ನಿನ್ನ ಕೆಲಸ. ಇಲ್ಲದ ವಸ್ತುವನ್ನು ಇದೆ ಎಂದು ಆಟಗಾರ ಬರೆದರೆ, ಇಲ್ಲದಿರುವುದನ್ನು ಕತೆಯ ಒಳಗೇ ತೋರಿಸು.’ ಮುಂದಿನ ಸಲ ಅದೇ ಹೆಲಿಕಾಪ್ಟರ್ ಹತ್ತಿದವನಿಗೆ ಬಂದ ಉತ್ತರ: ಮಳೆಯಲ್ಲಿ ಕೈ ಬೀಸಿ ನಿಂತೆ, ಹಿಂದಿನ ಲಾರಿಯ ಡ್ರೈವರ್ ಕಿಟಕಿ ಇಳಿಸಿ ‘ಏನಾಯ್ತು ಸಾರ್, ತಲೆ ಸರಿ ಉಂಟಾ?’ ಅಂದ. ಗೆಳೆಯ ಅಲ್ಲಿಂದ ಸರಿಯಾಗಿ ಆಡತೊಡಗಿದ. ಈ ಒಂದು ಸಾಲನ್ನು ಬೇಕಾದರೆ ಬರೆದುಕೊಳ್ಳಿ. ನನ್ನ ಬಳಿ ಇರುವ ಸಾಲುಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ.

ಈಗ ಕಳ್ಳನ ವಿಷಯ. ಮೊದಲು ನಾನು ಡಬ್ಬಿ ಯಾರು ತೆಗೆದರು ಅಂತ ಬರೆದಿರಲಿಲ್ಲ. ಅದನ್ನು ಮಾಡೆಲ್ ಮನಸ್ಸಿನಲ್ಲಿ ಇಟ್ಟುಕೊಂಡಿರಲಿ, ನನಗೂ ಕುತೂಹಲ ಇರಲಿ ಎಂಬ ಆಸೆ. ಮೂರು ಸಲ ಆಡಿದೆ. ಕಂಡಕ್ಟರನ್ನು ಸಂಶಯಪಟ್ಟಾಗ ಟಿಕೆಟ್ ಬ್ಯಾಗಿನಲ್ಲಿ ಬಳೆ ಸಿಕ್ಕಿತು. ಹುಡುಗನನ್ನು ಸಂಶಯಪಟ್ಟಾಗ ಅವನು ಅಳತೊಡಗಿದ, ಫೀಸು ಕಟ್ಟಬೇಕಿತ್ತಂತೆ. ಮೂರನೆಯ ಸಲ ಪರೀಕ್ಷೆಗೆಂದೇ, ಸ್ಟಿಯರಿಂಗಿಗೆ ಒರಗಿ ನಿದ್ದೆ ಹೋಗಿದ್ದ ಡ್ರೈವರನ್ನು ಹಿಡಿದೆ. ಅವನೂ ಕಳ್ಳ! ನಾನು ಬೆರಳು ತೋರಿಸಿದ ಕಡೆ ಕಳ್ಳ ಹುಟ್ಟುತ್ತಿದ್ದ.

ಇದರ ಕಾರಣ ತಿಳಿದುಕೊಳ್ಳುವುದು ಒಳ್ಳೆಯದು. ಮಾಡೆಲ್ ಪ್ರತಿ ಸರದಿಯಲ್ಲೂ ಅಲ್ಲಿಯವರೆಗಿನ ಬರಹವನ್ನು ಮುಂದಿಟ್ಟುಕೊಂಡು ಮುಂದಿನ ಮಾತು ಕಟ್ಟುತ್ತದೆ. ಆ ಬರಹದಲ್ಲಿ ಕಳ್ಳನ ಹೆಸರು ಇಲ್ಲದಿದ್ದರೆ ಕಳ್ಳ ಎಲ್ಲಿಯೂ ಇಲ್ಲ. ನಾವು ಮಕ್ಕಳ ಹತ್ತಿರ ‘ಮನಸ್ಸಿನಲ್ಲಿ ಒಂದು ಪ್ರಾಣಿ ಇಟ್ಟುಕೋ, ನಾನು ಊಹಿಸುತ್ತೇನೆ’ ಅನ್ನುತ್ತೇವಲ್ಲ, ಮಗು ನಿಜವಾಗಿ ಆನೆಯನ್ನೋ ಬೆಕ್ಕನ್ನೋ ಇಟ್ಟುಕೊಂಡಿರುತ್ತದೆ. ಮಾಡೆಲ್ ‘ಇಟ್ಟುಕೊಂಡೆ’ ಎಂದು ಬರೆಯುತ್ತದೆ ಅಷ್ಟೆ. ಉತ್ತರಕ್ಕೆ ಮುಂಚೆ ಯೋಚನೆ ಬರೆದುಕೊಳ್ಳುವ ಮಾಡೆಲ್‌ಗಳು ಈಗ ಇವೆ, ಆದರೆ ಆ ಯೋಚನೆ ಮುಂದಿನ ಸರದಿಯವರೆಗೆ ಉಳಿದೀತು ಎಂದು ನಂಬಿ ಕೂರುವಂತಿಲ್ಲ. ಗುಟ್ಟು ಇರಬೇಕಾದರೆ ಅದನ್ನು ನಾವೇ ಪ್ರಾಂಪ್ಟಿನಲ್ಲಿ ಬರೆದಿಡಬೇಕು.

ಹಾಗಾಗಿ ಬರೆದೆ: ‘ಡಬ್ಬಿಯನ್ನು ಯಾರೂ ಕದ್ದಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅಜ್ಜಿ ಅದನ್ನು ಮನೆಯ ಜಗಲಿಯಲ್ಲೇ ಬಿಟ್ಟು ಬಂದಿದ್ದಾರೆ.’ ಆಯಿತಾ? ಆಗಲಿಲ್ಲ. ಎರಡನೆಯ ಸರದಿಗೇ ಅಜ್ಜಿ ‘ಜಗಲಿಯಲ್ಲೇ ಬಿಟ್ಟೆನೋ ಏನೋ ಮಗಾ’ ಅಂದುಬಿಟ್ಟರು. ಗುಟ್ಟು ಗೊತ್ತಿದ್ದವನಿಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆಮೇಲೆ ತಿಳಿಯಿತು, ನಿಜ ಏನೆಂದು ಬರೆದರೆ ಸಾಲದು, ಯಾರಿಗೆ ಎಷ್ಟು ಗೊತ್ತು ಎಂದೂ ಬರೆಯಬೇಕು. ‘ಅಜ್ಜಿಗೆ ಇದು ಗೊತ್ತಿಲ್ಲ. ಡಬ್ಬಿ ಬಸ್ಸಿನಲ್ಲೇ ಕಳೆದದ್ದೆಂದು ಪೂರ್ತಿ ನಂಬಿದ್ದಾರೆ, ಹುಡುಗನ ಮೇಲೆ ಸಂಶಯ ಇದೆ. ಹುಡುಗನಿಗೆ ತನ್ನನ್ನು ಕಳ್ಳ ಅನ್ನುತ್ತಿದ್ದಾರೆಂಬ ಸಿಟ್ಟು, ಹಾಗಾಗಿ ಬ್ಯಾಗು ತೋರಿಸುವುದಿಲ್ಲ. ಮನೆಯಿಂದ ಹೊರಡುವಾಗ ಏನೇನು ಎತ್ತಿಕೊಂಡಿರಿ ಎಂದು ಯಾರಾದರೂ ಅಜ್ಜಿಯನ್ನು ಒಂದೊಂದಾಗಿ ಕೇಳಿದರೆ ಮಾತ್ರ ಅವರಿಗೆ ನೆನಪಾಗುತ್ತದೆ.’ ಈಗ ಆಟ ಗಟ್ಟಿಯಾಗಿ ನಿಂತಿತು. ಆಡಿದವರಲ್ಲಿ ಹೆಚ್ಚಿನವರು ಹುಡುಗನ ಬ್ಯಾಗಿನ ಹಿಂದೆಯೇ ಬಿದ್ದು ಬೆಳಗು ಮಾಡುತ್ತಾರೆ. ಅಜ್ಜಿಯ ಪಕ್ಕ ಕೂತು ಮಾತಾಡಿದವರಿಗೆ ಮಾತ್ರ ಸಿಗುತ್ತದೆ. ಇದು ನನಗೆ ಬಹಳ ಇಷ್ಟವಾದ ಆಟ, ಸ್ವಲ್ಪ ಜಂಬ ಅಂತಲೇ ತಿಳಿಯಿರಿ.

ಆಟಗಾರನ ಕೈಯಲ್ಲಿ ಏನಿದೆ, ಗಂಟೆ ಎಷ್ಟು, ಇದು ಇನ್ನೊಂದು ತಲೆನೋವು. ವುಡ್ಸ್ ಬೆಳೆಸಿದ ಆ ಗುಹೆಯ ಆಟದಲ್ಲಿ ದೀಪದ ಬ್ಯಾಟರಿಗೆ ಲೆಕ್ಕ ಇತ್ತು, ಇಷ್ಟು ಸರದಿ ಆದಮೇಲೆ ಆರಿಹೋಗುತ್ತಿತ್ತು. ಪ್ರೋಗ್ರಾಮ್ ಮರೆಯುವುದಿಲ್ಲ. ಮಾಡೆಲ್ ಮರೆಯುತ್ತದೆ. ಮುಳುಗಿಹೋದ ಟಾರ್ಚು ಹತ್ತು ಸರದಿಯ ನಂತರ ಬೆಳಗುತ್ತದೆ. ಒಮ್ಮೆಗೆ ಮಾಡೆಲ್‌ನ ಕಣ್ಣಿಗೆ ಬೀಳುವ ಬರಹಕ್ಕೆ ಒಂದು ಮಿತಿಯಿದೆ. ಜಿಪಿಟಿ-2ಕ್ಕೆ ಅದು 1024 ಟೋಕನ್. ಈಗ ಅದರ ನೂರಾರು ಪಟ್ಟು ಇದೆ, ಆದರೂ ಉದ್ದದ ಕತೆಯಲ್ಲಿ ನಡುವಿನ ಸಂಗತಿಗಳು ಮಸುಕಾಗುತ್ತವೆ. ಟೋಕನ್ ಎಂದರೆ ಮಾಡೆಲ್ ಬರಹವನ್ನು ಒಡೆದುಕೊಳ್ಳುವ ಚೂರು. ಅನೇಕ ಮಾಡೆಲ್‌ಗಳು ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ಚೂರು ಮಾಡುತ್ತವೆ, ಹಾಗಾಗಿ ನಮ್ಮ ಕೊಡ ಬೇಗ ತುಂಬುತ್ತದೆ, ಖರ್ಚೂ ಜಾಸ್ತಿ. ಇದಕ್ಕೆ ಬಡವರ ಉಪಾಯ ಒಂದಿದೆ. ಪ್ರತಿ ಉತ್ತರದ ಕೊನೆಗೆ ಒಂದೇ ಸಾಲಿನ ಲೆಕ್ಕ ಬರೆಸುವುದು: ‘ಗಂಟೆ 12:25, ಬಸ್ಸಿನ ಒಳಗೆ, ಕೈಯಲ್ಲಿ ಟಾರ್ಚು (ಒದ್ದೆ, ಉರಿಯುವುದಿಲ್ಲ), ಹುಡುಗ ಮಾತು ಬಿಟ್ಟಿದ್ದಾನೆ.’ ಬರೆದದ್ದು ಮುಂದಿನ ಸರದಿಗೆ ಕಣ್ಣೆದುರೇ ಇರುತ್ತದೆ. ಪ್ರೋಗ್ರಾಮಿಂಗ್ ಬಲ್ಲವರು ಈ ಲೆಕ್ಕವನ್ನು ಮಾಡೆಲ್‌ಗೆ ಬಿಡಬೇಡಿ. ಅದನ್ನು ಕೋಡಿನಲ್ಲಿ ಇಟ್ಟು, ಮಾಡೆಲ್‌ಗೆ ಮಾತಿನ ಕೆಲಸ ಮಾತ್ರ ಕೊಡಿ.

ಅದೃಷ್ಟವನ್ನೂ ಬಿಡಬೇಡಿ. ‘ದಾಳ ಹಾಕು’ ಅಂದರೆ ಮಾಡೆಲ್ ದಾಳ ಹಾಕುವುದಿಲ್ಲ, ದಾಳ ಹಾಕಿದವರಂತೆ ಒಂದು ಸಂಖ್ಯೆ ಬರೆಯುತ್ತದೆ. ಅದಕ್ಕೆ ಮೆಚ್ಚಿನ ಸಂಖ್ಯೆಗಳಿವೆ, ಮೇಲಾಗಿ ಆಟಗಾರ ಗೆಲ್ಲಲಿ ಎಂಬ ಕರುಣೆ ಬೇರೆ. ನನ್ನ ಮನೆಯಲ್ಲಿ ಮಕ್ಕಳು ಆಡುವಾಗ ನಾಲ್ಕು ಕವಡೆ ಪಕ್ಕದಲ್ಲಿರುತ್ತವೆ, ಚೌಕಾಬಾರದ್ದೇ. ಜಾರುವ ಗುಡ್ಡ ಹತ್ತಬೇಕಾದರೆ ಕವಡೆ ಹಾಕಿ ಬಿದ್ದ ಸಂಖ್ಯೆಯನ್ನು ಟೈಪ್ ಮಾಡುತ್ತಾರೆ. ‘ಎರಡು ಅಥವಾ ಕಡಿಮೆ ಬಿದ್ದರೆ ಜಾರಿದ, ಏನಾದರೂ ಒಂದು ಕಳೆದುಕೊಂಡ’ ಎಂದು ಪ್ರಾಂಪ್ಟಿನಲ್ಲಿ ಇದೆ. ಸುಳ್ಳು ಸಂಖ್ಯೆ ಹೊಡೆಯುವುದಿಲ್ಲವೇ ಅಂದರೆ, ಹೊಡೆಯುತ್ತಾರೆ. ಆದರೆ ಪಕ್ಕದಲ್ಲಿ ತಂಗಿ ಕೂತಿರುತ್ತಾಳೆ.

‘ಬೇಡ’ಗಳ ಬಗ್ಗೆ ಎಚ್ಚರಿಕೆ. ‘ಕತೆಯಲ್ಲಿ ಆನೆ ಬರಬಾರದು’ ಎಂದು ಬರೆದಿದ್ದೆ, ಘಾಟಿ ಅಂದಕೂಡಲೇ ಆನೆ ತರುತ್ತಿತ್ತು. ಬರೆದಮೇಲೆ ಆನೆ ಬರಲಿಲ್ಲ, ಆದರೆ ಪ್ರತಿ ಸಲ ‘ಆನೆಯ ಸುಳಿವೇ ಇರಲಿಲ್ಲ’ ಎಂದು ಬರತೊಡಗಿತು! ಅದನ್ನು ಅಳಿಸಿ, ಕಾಡಿನಲ್ಲಿ ಏನಿದೆ ಎಂದು ಬರೆದೆ: ಜಿಗಣೆ, ಜೀರುಂಡೆ ಸದ್ದು, ಗುಡ್ಡದಿಂದ ಇಳಿಯುವ ಕೆಂಪು ನೀರು. ಆನೆ ತಾನಾಗಿ ಹೋಯಿತು. ಮಾದರಿ ಕೊಡುವುದರಲ್ಲೂ ಇದೇ ಅಪಾಯ. ಹೀಗೆ ಬರಿ ಎಂದು ಒಂದು ತುಣುಕು ಕೊಟ್ಟಿದ್ದೆ, ಅದು ಮಳೆಯ ವಾಸನೆಯಿಂದ ಸುರುವಾಗುತ್ತಿತ್ತು. ಮುಂದಿನ ಹದಿನೈದು ಉತ್ತರವೂ ಮಳೆಯ ವಾಸನೆಯಿಂದಲೇ ಸುರುವಾದವು. ಕೊಡುವುದಾದರೆ ಒಂದಕ್ಕೊಂದು ಹೋಲದ ಮೂರು ನಾಲ್ಕು ಕೊಡಿ.

ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಹೇಳಿಕೊಡಬೇಕಾದ ವಿದ್ಯೆ. ಬಿಟ್ಟರೆ ಮಾಡೆಲ್ ಆಟಗಾರನ ಬಾಯಿಂದ ಮಾತಾಡಿಸಿ, ಅವನ ಕಾಲಿನಲ್ಲಿ ನಡೆದು, ಅವನ ಎದೆಯಲ್ಲಿ ನಡುಗಿ, ಕತೆಯನ್ನು ಮುಗಿಸಿಯೇ ಕೊಡುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಉದ್ದವಾದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಅರ್ಥಧಾರಿ ಸುಮ್ಮನಾಗಲೇಬೇಕು. ಇಲ್ಲಿ ಆ ಜಾಗಟೆ ನಮ್ಮ ಕೈಯಲ್ಲಿರಬೇಕು. ‘60ರಿಂದ 100 ಪದ. ಯಾರಾದರೂ ಆಟಗಾರನಿಂದ ಉತ್ತರ ಕಾಯುವ ಕ್ಷಣದಲ್ಲಿ ನಿಲ್ಲಿಸು. ಆಟಗಾರನ ಮಾತು, ಭಾವನೆ, ತೀರ್ಮಾನ ಅವನೇ ಬರೆಯುತ್ತಾನೆ.’ ಕೊನೆಗೆ ‘ಈಗ ಏನು ಮಾಡುತ್ತೀರಿ? 1, 2, 3’ ಎಂದು ಪಟ್ಟಿ ಕೊಡುವ ಚಟವೂ ಅದಕ್ಕಿದೆ. ಮಕ್ಕಳಿಗೆ ಬೇಕಾಗಬಹುದು. ದೊಡ್ಡವರಿಗೆ ಅದು ಹೋಟೆಲಿನ ಮೆನು.

ಈಗ ಕನ್ನಡ. ಇಲ್ಲಿ ನನಗೆ ಸ್ವಲ್ಪ ಜಗಳ ಇದೆ. ಸುಮ್ಮನೆ ‘ಕನ್ನಡದಲ್ಲಿ ಹೇಳು’ ಅಂದರೆ ಬರುವುದು ಇಂಥದ್ದು: ‘ನೀವು ಒಂದು ಆಳವಾದ ಉಸಿರನ್ನು ತೆಗೆದುಕೊಳ್ಳುತ್ತೀರಿ. ನೀವು ನಿಧಾನವಾಗಿ ಬಾಗಿಲಿನ ಕಡೆಗೆ ನಡೆಯುತ್ತೀರಿ. ನಿಮ್ಮ ಹೃದಯ ಬಡಿಯುತ್ತಿರುವುದನ್ನು ನೀವು ಅನುಭವಿಸುತ್ತೀರಿ.’ ತೀರಿ, ತೀರಿ, ತೀರಿ! ಇಂಗ್ಲಿಷಿನ ಆಟಗಳು ವರ್ತಮಾನದಲ್ಲಿ ‘ನೀನು’ ಎಂದು ಹೇಳುವ ಪದ್ಧತಿ ಗುಹೆಯ ಕಾಲದಿಂದ ಬಂದದ್ದು. ಅದನ್ನು ಹಾಗೇ ಇಳಿಸಿದರೆ ನಮ್ಮ ಕಿವಿಗೆ ವ್ಯಾಯಾಮದ ಮೇಷ್ಟ್ರು ಆಜ್ಞೆ ಕೊಟ್ಟಂತೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಕ್ರಿಯಾಪದ ಮತ್ತು ಸಂದರ್ಭ ಹೇಳುತ್ತವೆ, ಯಾರು ಎಂದು. ‘ಬಾಗಿಲು ದೂಡಿದೆ. ಒಳಗೆ ಕತ್ತಲು. ಯಾರೋ ಕೆಮ್ಮಿದರು.’ ಸಾಕಲ್ಲ? ಇನ್ನೊಂದು ಲಾಭವೂ ಇದೆ. ಅವನು ಹೋದ, ಅವಳು ಹೋದಳು ಎಂದು ನಮ್ಮ ಭಾಷೆ ಲಿಂಗ ಕೇಳುತ್ತದೆ. ಆದರೆ ‘ನೀನು ಹೋದೆ’ ಅನ್ನುವಲ್ಲಿ ಕೇಳುವುದಿಲ್ಲ. ಆಡುವವರು ಗಂಡೋ ಹೆಣ್ಣೋ ಎಂದು ತಿಳಿಯದೆಯೇ ಇಡೀ ಕತೆ ಹೇಳಬಹುದು.

ಇದನ್ನು ನಿಯಮವಾಗಿ ಬರೆದದ್ದಕ್ಕಿಂತ, ಪ್ರಾಂಪ್ಟನ್ನೇ ಆ ಕನ್ನಡದಲ್ಲಿ ಬರೆದದ್ದು ಹೆಚ್ಚು ಕೆಲಸ ಮಾಡಿತು. ಇಂಗ್ಲಿಷಿನಲ್ಲಿ ಸೂಚನೆ ಕೊಟ್ಟು ಕನ್ನಡ ಬೇಡಿದಾಗ ಅನುವಾದದ ವಾಸನೆ ಬರುತ್ತದೆ. ನಾವು ಚಿಕ್ಕ ವಾಕ್ಯದಲ್ಲಿ ಬರೆದರೆ ಅದೂ ಚಿಕ್ಕದಾಗಿ ಹೇಳುತ್ತದೆ. ಪಾತ್ರಗಳ ಮಾತನ್ನಂತೂ ಒಬ್ಬೊಬ್ಬರದ್ದು ಮೂರು ನಾಲ್ಕು ವಾಕ್ಯ ನಾವೇ ಬರೆದುಕೊಡಬೇಕು. ಇಲ್ಲದಿದ್ದರೆ ಉಪ್ಪಿನಂಗಡಿಯ ಅಜ್ಜಿ ನಡುನಡುವೆ ಧಾರವಾಡದವರಂತೆ ‘ಏನ್ ಮಾಡ್ಲಿಕ್ಕೆ ಹತ್ತೀಯೋ’ ಅನ್ನುತ್ತಾರೆ, ಕಾಲೇಜು ಹುಡುಗ ಅದೇ ಅಜ್ಜಿಯನ್ನು ‘ಮಹಿಳೆಯೇ’ ಎಂದು ಕರೆಯುತ್ತಾನೆ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ ನಾಲ್ಕು ಸಾಲು ನನ್ನ ಎಲ್ಲ ಪ್ರಾಂಪ್ಟಿನಲ್ಲೂ ಇರುತ್ತದೆ.

ರಾಮನಿಗೆ ಆಮೇಲೆ ಏನಾಯಿತು ಎಂದು ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಪ್ರಸಂಗ ಬರೆದುಕೊಟ್ಟೆ. ಬಾಣ ಇದ್ದಲ್ಲೇ ಇರುತ್ತದೆ, ವಾಲಿ ಸಾಯುತ್ತಾನೆ, ಅಂಗದನನ್ನು ಒಪ್ಪಿಸುವವರೆಗೆ ಮಾತು ನಡೆಯುತ್ತದೆ ಎಂದು. ರಾಮ ಸೋಲುವುದು ನಿಂತಿತು. ಆದರೆ ಗೋಡೆಯಾದ. ಏನು ಕೇಳಿದರೂ ಧರ್ಮ, ದಂಡನೆ, ಭರತನ ರಾಜ್ಯ, ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಾನೆ. ಅಂಥ ಅರ್ಥಧಾರಿಯ ಎದುರು ಕೂತರೆ ನಮಗೇ ನಿದ್ದೆ ಬರುತ್ತದೆ. ಹೋದ ವಾರ ಒಂದು ಮಾತು ಸೇರಿಸಿದೆ: ‘ಸೀತೆಯನ್ನು ಹುಡುಕಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ನಾನೇ ತಂದುಕೊಡುತ್ತಿದ್ದೆ ಎಂದು ವಾಲಿ ಕೇಳಿದರೆ, ಅದಕ್ಕೆ ನಿನ್ನ ಬಳಿ ಉತ್ತರವಿಲ್ಲ. ಉಳಿದ ಎಲ್ಲಕ್ಕೂ ಇದೆ.’

ನಿನ್ನೆ ರಾತ್ರಿ ಆಡಿ ನೋಡಿದೆ. ಆರನೆಯ ಮಾತಿಗೆ ಅದನ್ನು ಕೇಳಿದೆ. ರಾಮ ಧರ್ಮ ಹೇಳಲಿಲ್ಲ. ಬಿಲ್ಲನ್ನು ಕೆಳಗಿಟ್ಟು ವಾಲಿಯ ಪಕ್ಕ ಕೂತ, ಎರಡೇ ಸಾಲು, ಮಾತಿಲ್ಲ. ನಾನು ಇನ್ನೂ ನಾಲ್ಕು ಪ್ರಶ್ನೆ ತಯಾರು ಮಾಡಿಟ್ಟುಕೊಂಡಿದ್ದೆ. ಅವನ್ನು ಬಿಟ್ಟು ‘ಅಂಗದ ಇನ್ನೂ ಚಿಕ್ಕವನು’ ಎಂದು ಟೈಪ್ ಮಾಡಿದೆ.